ಡಬ್ಲಿನ್‌ನಲ್ಲಿದ್ದು ಮಗಳಿಗೆ ಕನ್ನಡ ಯಾಕೆ?

ಪ್ರತಿ ವರ್ಷ ಜುಲೈನಲ್ಲಿ ಹಾಸನಕ್ಕೆ ಹೋದಾಗ ಈ ಪ್ರಶ್ನೆ ಬಂದೇ ಬರುತ್ತದೆ. ಕಳೆದ ಸಲ ಕೇಳಿದ್ದು ನಮ್ಮ ಚಿಕ್ಕಮ್ಮ. ಹೊರಗೆ ಜಡಿಮಳೆ. ಮಗಳು ಜಗಲಿಯಲ್ಲಿ ಕೂತು ಕಾಗುಣಿತ ಬರೆಯುತ್ತಿದ್ದಳು. ಚಿಕ್ಕಮ್ಮ ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಹೇಳಿದರು: "ಅಲ್ಲ ಕಣೇ, ಇಲ್ಲಿರೋ ನಮ್ಮ ಮೊಮ್ಮಕ್ಕಳೇ ಕನ್ನಡ ಓದಲ್ಲ. ಇಂಗ್ಲಿಷ್ ದೇಶದಲ್ಲಿ ಬೆಳೆಯೋ ಮಗೂಗೆ ಯಾಕೆ ಈ ಹಿಂಸೆ? ಕೋಟಿಗಟ್ಟಲೆ ಜನ ಮಾತಾಡ್ತಾರೆ, ನಿನ್ನ ಮಗಳೊಬ್ಬಳು ಕಲೀಲಿಲ್ಲ ಅಂತ ಕನ್ನಡ ಸತ್ತೋಗುತ್ತಾ?"

ಅವರು ಬೈಯುತ್ತಿರಲಿಲ್ಲ. ಮಗುವಿನ ಮೇಲಿನ ಪ್ರೀತಿಗೆ ಕೇಳಿದ್ದು. ಇದೇ ಪ್ರಶ್ನೆಯನ್ನು ಡಬ್ಲಿನ್‌ನ ಕನ್ನಡದ ಗೆಳೆಯರು ಕೇಳಿದ್ದಾರೆ, ಆಫೀಸಿನವರು ಕೇಳಿದ್ದಾರೆ, ಒಮ್ಮೆ ವಿಮಾನದಲ್ಲಿ ಪಕ್ಕದ ಸೀಟಿನವರೂ ಕೇಳಿದರು. ಆವತ್ತು ಊಟಕ್ಕೆ ಎಲೆ ಹಾಕಿದ್ದರು, ಚಿಕ್ಕಮ್ಮನಿಗೆ ಸರಿಯಾಗಿ ಹೇಳಲು ಆಗಲಿಲ್ಲ. ಈಗ ಹೇಳುತ್ತೇನೆ.

ಮೊದಲನೆಯದಾಗಿ, ನಾನಿರುವುದು ಇಂಗ್ಲಿಷ್ ದೇಶದಲ್ಲಿ ಅಲ್ಲ. ಐರ್ಲೆಂಡ್‌ಗೆ ತನ್ನದೇ ಭಾಷೆ ಇದೆ. ಐರಿಷ್ ಅಂತಾರೆ, ಅವರ ಮಾತಿನಲ್ಲಿ ಗೇಲ್ಗ. ಇಂಗ್ಲಿಷ್‌ಗೂ ಅದಕ್ಕೂ ನೆಂಟಸ್ತನ ತುಂಬಾ ದೂರದ್ದು. 1937ರ ಸಂವಿಧಾನದ 8ನೇ ವಿಧಿಯಲ್ಲಿ ಐರಿಷ್ ರಾಷ್ಟ್ರಭಾಷೆ, ಮೊದಲ ಅಧಿಕೃತ ಭಾಷೆ ಎಂದು ಬರೆದಿದೆ. ಇಂಗ್ಲಿಷ್‌ಗೆ ಎರಡನೇ ಜಾಗ. ಡಬ್ಲಿನ್‌ಗೆ ಬಂದ ಮೊದಲ ವಾರ ಬಸ್ಸಿನ ಹಣೆಯ ಮೇಲೆ "ಅನ್ ಲಾರ್" ಅಂತ ಕಂಡು ಯಾವುದೋ ಊರಿನ ಹೆಸರು ಅಂದುಕೊಂಡಿದ್ದೆ. ಅದರ ಅರ್ಥ ಊರಿನ ನಡುಭಾಗ, ನಾವು ಪೇಟೆ ಅನ್ನುತ್ತೀವಲ್ಲ, ಅದು. ರಸ್ತೆ ಫಲಕಗಳಲ್ಲಿ ಮೇಲೆ ಐರಿಷ್, ಕೆಳಗೆ ಇಂಗ್ಲಿಷ್. ಪ್ರಧಾನಿಗೆ ತೀಶಕ್ ಅಂತಲೇ ಹೆಸರು, ಪೊಲೀಸರಿಗೆ ಗಾರ್ಡಾ. ಇದನ್ನೆಲ್ಲ ನೋಡಿ ನನಗೆ ಎಷ್ಟು ಖುಷಿಯಾಗಿತ್ತು ಅಂದರೆ, ಊರಿಗೆ ಫೋನ್ ಮಾಡಿ "ಭಾಷೆ ಉಳಿಸಿಕೊಳ್ಳೋದನ್ನ ಇವರಿಂದ ಕಲೀಬೇಕು" ಅಂದಿದ್ದೆ.

ಆದರೆ ತಿಂಗಳುಗಟ್ಟಲೆ ಕಳೆದರೂ ಬಸ್ಸಿನಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಯಾರೂ ಐರಿಷ್ ಮಾತಾಡಿದ್ದು ಕಿವಿಗೆ ಬೀಳಲಿಲ್ಲ.

2022ರ ಜನಗಣತಿಯಲ್ಲಿ ಸುಮಾರು 18.7 ಲಕ್ಷ ಜನ ತಮಗೆ ಐರಿಷ್ ಮಾತಾಡಲು ಬರುತ್ತದೆ ಎಂದು ಬರೆಸಿದ್ದಾರೆ. ದೇಶದ ಜನಸಂಖ್ಯೆಯೇ ಸುಮಾರು 51 ಲಕ್ಷ, ಹಾಗಾಗಿ ಇದು ದೊಡ್ಡ ಸಂಖ್ಯೆ. ಆದರೆ ಶಾಲೆಯ ಹೊರಗೆ ದಿನಾ ಐರಿಷ್ ಮಾತಾಡುತ್ತೇವೆ ಅಂದವರು ಸುಮಾರು 72 ಸಾವಿರ ಮಾತ್ರ. ಮಕ್ಕಳು ನಾಲ್ಕೈದನೇ ವಯಸ್ಸಿನಿಂದ ಹದಿನೇಳು ಹದಿನೆಂಟರ ತನಕ ಐರಿಷ್ ಕಲಿಯುತ್ತಾರೆ, ಕೆಲವರಿಗೆ ವಿನಾಯಿತಿ ಬಿಟ್ಟರೆ ಎಲ್ಲರಿಗೂ ಕಡ್ಡಾಯ. ಅಷ್ಟು ವರ್ಷ ಕಲಿತ ನನ್ನ ಸಹೋದ್ಯೋಗಿಗಳನ್ನು ಏನಾದರೂ ಹೇಳಿ ಅಂದರೆ, ಹೆಚ್ಚಿನವರ ಬಾಯಲ್ಲಿ ಮೊದಲು ಬರುವುದು ಒಂದೇ ವಾಕ್ಯ. "ಅನ್ ವಿಲ್ ಕ್ಯಾಡ್ ಅಗಮ್ ಡಲ್ ಗೊ ಜೀ ಅನ್ ಲೆಹ್ರಸ್." ನಾನು ಶೌಚಾಲಯಕ್ಕೆ ಹೋಗಬಹುದಾ ಅಂತ ಟೀಚರ್ ಹತ್ತಿರ ಕೇಳುವ ಮಾತು. ಬಾಲ್ಯದಲ್ಲಿ ಆ ಒಂದು ವಾಕ್ಯಕ್ಕೆ ನಿಜವಾದ ಕೆಲಸ ಇತ್ತು. ಅದನ್ನು ಐರಿಷ್‌ನಲ್ಲೇ ಹೇಳಬೇಕಿತ್ತು, ಹೇಳದಿದ್ದರೆ ಆಗುತ್ತಿರಲಿಲ್ಲ. ಅದಕ್ಕೇ ಉಳಿದಿದೆ ಅಂತ ನನಗೆ ಅನ್ನಿಸುತ್ತದೆ. ಉಳಿದಿದ್ದೆಲ್ಲ ಪರೀಕ್ಷೆಗೆ ಓದಿದ್ದು, ಪರೀಕ್ಷೆಯ ಜೊತೆಗೇ ಹೋಯಿತು.

ಇದು ಹೇಗಾಯಿತು ಅನ್ನುವುದನ್ನು ಚಿಕ್ಕಮ್ಮನಿಗೆ ಹೇಳಲೇಬೇಕು, ಯಾಕೆಂದರೆ "ಇಷ್ಟೊಂದು ಜನ ಮಾತಾಡ್ತಾರೆ, ಏನೂ ಆಗಲ್ಲ" ಅನ್ನುವ ಧೈರ್ಯಕ್ಕೆ ಅಲ್ಲಿ ಉತ್ತರ ಇದೆ. 1831ರಲ್ಲಿ ಬ್ರಿಟಿಷರು ಐರ್ಲೆಂಡ್‌ನಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗಳ ವ್ಯವಸ್ಥೆ ತಂದರು. ಪಾಠ ಇಂಗ್ಲಿಷ್‌ನಲ್ಲಿ, ಐರಿಷ್‌ಗೆ ಅಲ್ಲಿ ಜಾಗ ಇರಲಿಲ್ಲ. ಆಗಿನ್ನೂ ಲಕ್ಷಾಂತರ ಮನೆಗಳಲ್ಲಿ ಐರಿಷ್ಷೇ ಮನೆಮಾತು. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಂತು. ಏಳು ವರ್ಷದ ಆ ಬರಗಾಲದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೂ ಹತ್ತು ಲಕ್ಷಕ್ಕಿಂತ ಜಾಸ್ತಿ ಜನ ಹಡಗು ಹತ್ತಿದರು. ಹೆಚ್ಚು ಪೆಟ್ಟು ಬಿದ್ದದ್ದು ಪಶ್ಚಿಮದ ಬಡ ರೈತರಿಗೆ. ಐರಿಷ್ ಜಾಸ್ತಿ ಮಾತಾಡುತ್ತಿದ್ದವರೂ ಅವರೇ. 1851ರ ಗಣತಿಯಲ್ಲಿ ಐರಿಷ್ ಬಲ್ಲವರು ಸುಮಾರು 15 ಲಕ್ಷ, ನಲವತ್ತು ವರ್ಷದ ನಂತರ 1891ರಲ್ಲಿ ಸುಮಾರು 6.8 ಲಕ್ಷ.

ಆ ನಲವತ್ತು ವರ್ಷದ ಇಳಿತಕ್ಕೆ ಬರೀ ಬರಗಾಲ, ಬರೀ ಬ್ರಿಟಿಷರು ಕಾರಣ ಅಂದರೆ ಅರ್ಧ ಸತ್ಯ. ಇನ್ನರ್ಧ ಮನೆಯೊಳಗೆ ನಡೆಯಿತು. ಮಕ್ಕಳು ಅಮೆರಿಕಕ್ಕೋ ಇಂಗ್ಲೆಂಡ್‌ಗೋ ಹೋಗಿಯೇ ಬದುಕಬೇಕು, ಅಲ್ಲಿ ಐರಿಷ್ ಅನ್ನ ಕೊಡುವುದಿಲ್ಲ ಅಂತ ಅಪ್ಪ ಅಮ್ಮಂದಿರಿಗೆ ಅನ್ನಿಸಿತು. ತಾವು ತಮ್ಮತಮ್ಮಲ್ಲಿ ಐರಿಷ್ ಆಡಿಕೊಂಡು ಮಕ್ಕಳ ಜೊತೆ ಮಾತ್ರ ಬರುವಷ್ಟು ಇಂಗ್ಲಿಷ್ ಆಡಿದರು. ಬಾಟಾ ಸ್ಕೋರ್ ಅಂತ ಒಂದು ಕೋಲಿತ್ತು. ಮಗುವಿನ ಕೊರಳಿಗೆ ದಾರದಲ್ಲಿ ಕಟ್ಟುತ್ತಿದ್ದರು. ಐರಿಷ್ ಮಾತಾಡಿದಾಗೆಲ್ಲ ಅದರ ಮೇಲೆ ಒಂದು ಗೀಟು, ಕೊನೆಗೆ ಗೀಟು ಎಣಿಸಿ ಏಟು. ಮೇಷ್ಟ್ರಿಗೆ ಇದರಲ್ಲಿ ತಂದೆತಾಯಿಯೂ ಕೈಜೋಡಿಸುತ್ತಿದ್ದರು. ಆ ಮಗುವಿನ ತಾಯಿ ಕೆಟ್ಟವಳಲ್ಲ. ಮಗಳು ಹಸಿದು ಸಾಯಬಾರದು ಅಂತಷ್ಟೇ ಅವಳ ಆಸೆ.

ಇದನ್ನು ಮೊದಲ ಸಲ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನಾನು ಓದಿದ ಶಾಲೆಯಲ್ಲಿ ಕನ್ನಡ ಮಾತಾಡಿದರೆ ಒಂದು ರೂಪಾಯಿ ಫೈನ್ ಇತ್ತು. ಹೆಸರು ಬರೆದುಕೊಳ್ಳುವ ಕೆಲಸ ಕ್ಲಾಸ್ ಲೀಡರ್‌ದು. ಅಪ್ಪ ಆ ರೂಪಾಯಿ ಕೊಟ್ಟು, "ಇಂಗ್ಲಿಷಲ್ಲೇ ಮಾತಾಡು ಮಗಳೇ, ನಾಳೆ ನಿನಗೇ ಒಳ್ಳೇದು" ಅನ್ನುತ್ತಿದ್ದರು. ಅವರ ಮೇಲೆ ನನಗೆ ಈಗಲೂ ಒಂದಿಷ್ಟೂ ಸಿಟ್ಟಿಲ್ಲ. ಆ ಇಂಗ್ಲಿಷ್‌ನಿಂದಲೇ ನಾನು ಇಲ್ಲಿದ್ದೇನೆ. ಆದರೆ ಇಂಗ್ಲಿಷ್ ಕಲಿಯಲು ಕನ್ನಡ ಬಿಡಬೇಕು ಅಂತ ನಮಗೆ ಯಾರು ಹೇಳಿಕೊಟ್ಟರು? ಒಂದು ಭಾಷೆ ಕಲಿಯುವುದಕ್ಕೂ ಇನ್ನೊಂದನ್ನು ಬಾಯಿಂದ ಓಡಿಸುವುದಕ್ಕೂ ಏನು ಸಂಬಂಧ?

ಕರ್ನಾಟಕದಲ್ಲಿ ಇದರ ಸುತ್ತ ನಡೆದ ಜಗಳ ಎಲ್ಲರಿಗೂ ಗೊತ್ತಿದೆ. ನಾಲ್ಕನೇ ತರಗತಿಯ ತನಕ ಮಾತೃಭಾಷೆ ಅಥವಾ ಕನ್ನಡದಲ್ಲೇ ಪಾಠ ಆಗಬೇಕು ಅಂತ 1994ರಲ್ಲಿ ಸರ್ಕಾರ ಆದೇಶ ಮಾಡಿತು. ಇಪ್ಪತ್ತು ವರ್ಷ ಕೋರ್ಟು ಸುತ್ತಿದ ಮೇಲೆ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾಧ್ಯಮ ಯಾವುದು ಅಂತ ಆರಿಸುವ ಹಕ್ಕು ತಂದೆತಾಯಿಯದು, ಸರ್ಕಾರ ಹೇರುವಂತಿಲ್ಲ ಎಂದಿತು. 2019ರಲ್ಲಿ ಸರ್ಕಾರವೇ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿತು. ಆ ತೀರ್ಪು ಬಂದಾಗ ನನಗೆ ತುಂಬಾ ಬೇಜಾರಾಗಿತ್ತು. ಇಲ್ಲಿ ಬಂದು ಐರಿಷ್ ಕತೆ ನೋಡಿದ ಮೇಲೆ ಯೋಚನೆ ಸ್ವಲ್ಪ ಬದಲಾಗಿದೆ. ಕಡ್ಡಾಯ ಅನ್ನುವುದು ಇವರ ಹತ್ತಿರ ನೂರು ವರ್ಷದಿಂದ ಇದೆ. ಸಂವಿಧಾನದ ಮರ್ಯಾದೆಯೂ ಇದೆ, ಫಲಕಗಳೂ ಇವೆ. 2014ರ ರಾಜ್ಯೋತ್ಸವದ ದಿನ ಬ್ಯಾಂಗಲೋರ್ ಬೆಂಗಳೂರಾಯಿತು, ಮೈಸೋರ್ ಮೈಸೂರಾಯಿತು, ನಾನೂ ಸಂಭ್ರಮಪಟ್ಟೆ, ಈಗಲೂ ಅದು ಸರಿ ಅಂತಲೇ ಹೇಳುತ್ತೇನೆ. ಆದರೆ ಫಲಕ ಎಷ್ಟೇ ದೊಡ್ಡದಾಗಿದ್ದರೂ ಅದರ ಕೆಳಗೆ ನಿಂತ ಇಬ್ಬರು ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಅನ್ನುವುದನ್ನು ಅದು ತೀರ್ಮಾನ ಮಾಡುವುದಿಲ್ಲ.

ಭಾಷೆಗೆ ಹೊರಗೆ ಕೆಲಸ ಇರಬೇಕು, ಮನೆಯಲ್ಲಿ ಮಾತಿರಬೇಕು. ಒಂದಿದ್ದು ಒಂದಿಲ್ಲದಿದ್ದರೆ ಸಾಲದು. ಕೆನಡಾದ ಕ್ವಿಬೆಕ್ ಪ್ರಾಂತ್ಯ ನೋಡಿ. ಸುತ್ತಲೂ ಇಂಗ್ಲಿಷ್, ನಡುವೆ ಫ್ರೆಂಚ್ ಆಡುವ ಜನ, ಆದರೂ ಮಾಂಟ್ರಿಯಲ್‌ನ ದೊಡ್ಡ ಕಂಪನಿಗಳಲ್ಲಿ ಮೇಲಿನ ಹುದ್ದೆ ಬೇಕಂದರೆ ಇಂಗ್ಲಿಷ್ ಬೇಕಿತ್ತು. 1977ರಲ್ಲಿ ಅವರು ಕಾನೂನು ತಂದು ಶಾಲೆಯ ಜೊತೆಗೆ ಆಫೀಸನ್ನೂ ಹಿಡಿದರು, ಕಂಪನಿಯ ಒಳಗಿನ ಕೆಲಸವೂ ಫ್ರೆಂಚ್‌ನಲ್ಲೇ ನಡೆಯಬೇಕು ಅಂದರು. ಅಲ್ಲಿ ಫ್ರೆಂಚ್ ಸಂಬಳ ತರುವ ಭಾಷೆಯಾಯಿತು. ಐರ್ಲೆಂಡ್ ಈಗೀಗ ಆ ದಾರಿ ಹಿಡಿದಿದೆ. 2021ರ ಕಾನೂನಿನ ಪ್ರಕಾರ 2030ರ ಕೊನೆಯ ಹೊತ್ತಿಗೆ ಸರ್ಕಾರಿ ಕೆಲಸಕ್ಕೆ ಹೊಸದಾಗಿ ಸೇರುವವರಲ್ಲಿ ನೂರಕ್ಕೆ ಇಪ್ಪತ್ತು ಮಂದಿಗೆ ಐರಿಷ್ ಬರಬೇಕು. 2022ರ ಜನವರಿಯಿಂದ ಯುರೋಪಿಯನ್ ಒಕ್ಕೂಟದಲ್ಲಿ ಐರಿಷ್‌ಗೆ ಪೂರ್ತಿ ಅಧಿಕೃತ ಸ್ಥಾನ ಇದೆ. ಅದರಿಂದ ಅನುವಾದಕರಿಗೆ ಬ್ರಸೆಲ್ಸ್, ಲಕ್ಸೆಂಬರ್ಗ್‌ನಲ್ಲಿ ಒಳ್ಳೆಯ ಕೆಲಸ ಸಿಗುತ್ತಿದೆ. ಎಲ್ಲ ಪಾಠವೂ ಐರಿಷ್‌ನಲ್ಲೇ ನಡೆಯುವ ಶಾಲೆಗಳು ಊರೂರಲ್ಲಿವೆ, ತಂದೆತಾಯಿಗಳೇ ಕೇಳಿ ಕೇಳಿ ಕಟ್ಟಿಸಿಕೊಂಡಿದ್ದು. ಅಲ್ಲಿಯ ಮಕ್ಕಳು ಆಟದ ಮೈದಾನದಲ್ಲಿ ಐರಿಷ್‌ನಲ್ಲಿ ಜಗಳ ಆಡುವುದನ್ನು ಕೇಳಿದಾಗ ನನಗೆ ಕಣ್ಣು ತುಂಬಿ ಬಂದಿತ್ತು. ನಮ್ಮಲ್ಲೂ ಬ್ಯಾಂಕಿನ ಪರೀಕ್ಷೆ ಕನ್ನಡದಲ್ಲಿ ಬೇಕು, ಔಷಧದ ಚೀಟಿ ಕನ್ನಡದಲ್ಲಿ ಬೇಕು, ಹೈಕೋರ್ಟಿನ ತೀರ್ಪು ಕನ್ನಡದಲ್ಲೂ ಸಿಗಬೇಕು ಅಂತ ಕೇಳುವವರನ್ನು "ಸುಮ್ನೆ ಗಲಾಟೆ" ಅನ್ನಬೇಡಿ. ಅವರು ಕನ್ನಡಕ್ಕೆ ಕೆಲಸ ಹುಡುಕುತ್ತಿದ್ದಾರೆ.

ಇನ್ನು ಮನೆ. ಮಗಳ ಶಾಲೆಯಲ್ಲಿ ಐರಿಷ್ ಇದೆ ಅಂತ ನಾನೂ ಅವಳ ಜೊತೆ ಕಲಿಯಲು ಕೂತೆ. ಮೊದಲ ದಿನವೇ ಆಶ್ಚರ್ಯ. ಇಂಗ್ಲಿಷ್‌ನಲ್ಲಿ "ಐ ಆಮ್ ಹಂಗ್ರಿ", ಅಂದರೆ ಹಸಿದವಳು ನಾನು. ಐರಿಷ್‌ನಲ್ಲಿ "ತಾ ಓಕ್ರಸ್ ಅರಮ್", ಅಂದರೆ ಹಸಿವು ನನ್ನ ಮೇಲಿದೆ. ನಮ್ಮ "ನನಗೆ ಹಸಿವಾಗಿದೆ" ಥರವೇ, ಹಸಿವು ಎಲ್ಲಿಂದಲೋ ಬಂದು ನಮಗೆ ಆಗುತ್ತದೆ. ಇಂಗ್ಲಿಷ್‌ನಲ್ಲಿ ಪುಸ್ತಕವನ್ನು ಹೊಂದಿರಬೇಕು. ಐರಿಷ್‌ನಲ್ಲಿ, ಕನ್ನಡದಲ್ಲಿ ಹೇಳುವ ಹಾಗೆಯೇ, ಪುಸ್ತಕ ನನ್ನ ಹತ್ತಿರ ಇದೆ, ಅಷ್ಟೇ. ಹೌದು, ಇಲ್ಲ ಅನ್ನಲು ಐರಿಷ್‌ನಲ್ಲಿ ಬೇರೆ ಪದವೇ ಇಲ್ಲ. ಕೇಳಿದ ಕ್ರಿಯಾಪದವನ್ನೇ ತಿರುಗಿ ಹೇಳುತ್ತಾರೆ. ಊಟ ಆಯ್ತಾ ಅಂದರೆ ನಾವು ಆಯ್ತು ಅನ್ನುತ್ತೀವಲ್ಲ, ಹಾಗೆ. ಇದನ್ನು ಮೊದಲು ಗಮನಿಸಿದ್ದು ನಾನಲ್ಲ, ಒಂಬತ್ತು ವರ್ಷದ ಮಗಳು. "ಅಮ್ಮಾ, ಇದು ಕನ್ನಡದ ಹಾಗೇ ಇದೆ, ನಂಗೆ ಸುಲಭ" ಅಂದಳು. ಕ್ಲಾಸಿನಲ್ಲಿ ಉಳಿದ ಮಕ್ಕಳು ತಡವರಿಸುವ ಕಡೆ ಅವಳಿಗೆ ತೊಡಕಾಗಲಿಲ್ಲ. ಚಿಕ್ಕಮ್ಮ ಹಿಂಸೆ ಅಂದಿದ್ದ ಕನ್ನಡವೇ ಅವಳಿಗೆ ಇಲ್ಲಿ ದಾರಿ ತೋರಿಸಿತು.

ಹೋದ ವರ್ಷ ಗಾಲ್ವೇ ಊರಿನ ಪಶ್ಚಿಮಕ್ಕೆ, ಇನ್ನೂ ಐರಿಷ್ ಆಡುವ ಕಡಲ ತೀರಕ್ಕೆ ಹೋಗಿದ್ದೆವು. ಮಗಳು ಎರಡು ದಿನ ಮೊದಲೇ ವಾಕ್ಯ ಕೂಡಿಸಿಕೊಂಡಿದ್ದಳು. ಒಂದು ಅಂಗಡಿಗೆ ಹೋಗಿ ಐರಿಷ್‌ನಲ್ಲಿ ಐಸ್‌ಕ್ರೀಮ್ ಕೇಳಿದಳು. ಅಂಗಡಿಯ ಹೆಂಗಸಿನ ಮುಖ ಅರಳಿತು, ತುಂಬಾ ಪ್ರೀತಿಯಿಂದ ಉತ್ತರ ಕೊಟ್ಟರು, ಆದರೆ ಇಂಗ್ಲಿಷ್‌ನಲ್ಲಿ. ಮಗುವಿಗೆ ಕಷ್ಟ ಆಗದಿರಲಿ ಅಂತಲೇ ಹಾಗೆ ಮಾಡಿದ್ದು. ಮಗಳು ಇಂಗ್ಲಿಷ್‌ಗೆ ತಿರುಗಿದಳು. ಆಮೇಲೆ ಆ ಮೂರು ದಿನ ಮತ್ತೆ ಐರಿಷ್ ಬಾಯಿಗೆ ತರಲಿಲ್ಲ.

ಅವಳ ಮುಖ ನೋಡಿದಾಗ ನನಗೆ ಹಾಸನದ ಮನೆ ನೆನಪಾಯಿತು. ಅಲ್ಲೂ ಹೀಗೇ ಆಗುತ್ತದೆ. ಅವಳು "ಅಜ್ಜಿ, ನಂಗೆ ಇನ್ನೊಂದ್ ದೋಸೆ" ಅಂದರೆ ಮನೆ ತುಂಬಾ ಇರುವ ಅಣ್ಣಂದಿರು, ಅತ್ತೆಯರು, ಎಲ್ಲರೂ ಇಂಗ್ಲಿಷ್‌ನಲ್ಲೇ ಮಾತಾಡಿಸುತ್ತಾರೆ. ಫಾರಿನ್‌ನಿಂದ ಬಂದ ಮಗು, ಅರ್ಥ ಆಗದೇ ಹೋದರೆ ಅಂತ.

ಅದಕ್ಕೇ ಚಿಕ್ಕಮ್ಮಾ, ನಿಮ್ಮ ಪ್ರಶ್ನೆಗೆ ಉತ್ತರದ ಜೊತೆ ಒಂದು ಕೇಳಿಕೆಯೂ ಇದೆ. ಕನ್ನಡ ಸಾಯುತ್ತದೋ ಇಲ್ಲವೋ, 4.37 ಕೋಟಿ ಜನ ಅಂತ 2011ರ ಗಣತಿ ಹೇಳಿದೆ, ಇವತ್ತು ನಾಳೆ ಏನೂ ಆಗುವುದಿಲ್ಲ ನಿಜ. ಆದರೆ ನನ್ನ ಮಗಳ ಪಾಲಿನ ಕನ್ನಡ ನಮ್ಮ ಮನೆಯ ಹತ್ತು ಹನ್ನೆರಡು ಜನರ ಕೈಯಲ್ಲಿದೆ. ಈ ಜುಲೈಗೆ ಮತ್ತೆ ಬರುತ್ತಿದ್ದೇವೆ. ಅವಳು ಒಂದು ಪದ ಹುಡುಕುತ್ತಾ ನಿಂತರೆ ಒಂದು ನಿಮಿಷ ಕಾಯಿರಿ. ತಪ್ಪು ಆಡಿದರೂ ಕನ್ನಡದಲ್ಲೇ ಉತ್ತರ ಕೊಡಿ. ಅವಳಿಗೆ ಕತೆ ಅಂದರೆ ಇಷ್ಟ, ಮಳೆ ಬರುವಾಗ ನೀವು ನಮಗೆಲ್ಲ ಜಗಲಿಯಲ್ಲಿ ಕೂರಿಸಿಕೊಂಡು ಹೇಳುತ್ತಿದ್ದ ಆ ಕತೆಗಳು ನಿಮಗೆ ಇನ್ನೂ ನೆನಪಿವೆ, ಅಲ್ವಾ?