ಮೂರು ವಾರ ತಿಂದ ಐದು ಸುತ್ತು

ಅಂತೂ ಲೆಕ್ಕ ಕೂಡಿ ಬಂತು! ಫ್ರಿಜ್, ಕಾರಿನ ಎಸಿಗಳಲ್ಲಿ ತಂಪು ಮಾಡುವ ಆರ್-134ಎ ಅನಿಲದ ಸ್ನಿಗ್ಧತೆ (ಹರಿಯುವಾಗ ಅನಿಲ ತಾನೇ ಒಡ್ಡುವ ತಡೆ) 25 ಡಿಗ್ರಿಯಲ್ಲಿ 12.0, 75 ಡಿಗ್ರಿಯಲ್ಲಿ 13.8 ಮೈಕ್ರೋಪ್ಯಾಸ್ಕಲ್-ಸೆಕೆಂಡ್. ಪಟ್ಟಿಗಳಲ್ಲಿ 25 ಡಿಗ್ರಿಗೆ ಇರುವುದು 11.8ರ ಆಸುಪಾಸು. ಕೈಯಲ್ಲಿ ಕಟ್ಟಿದ ಸೆಟಪ್‌ಗೆ ಇಷ್ಟು ಸಾಕಪ್ಪಾ ಸಾಕು.

ಕ್ಯಾಪಿಲರಿ (ತೀರಾ ಸಣ್ಣ ರಂಧ್ರದ ಕೊಳವೆ), ಒತ್ತಡ ಅಳೆಯುವ ನೀರಿನ ಮಾನೋಮೀಟರ್, ಬಿಸಿನೀರಿನ ತೊಟ್ಟಿ, ಸೋಪಿನ ಪೊರೆ ಓಡುವ ಅಳತೆ ಕೊಳವೆ ಎಲ್ಲ ಮಾಮೂಲಿ, ಅದನ್ನು ಬಿಡಿ. ಒತ್ತಡ ಕೊಟ್ಟು ಕ್ಯಾಪಿಲರಿಯಲ್ಲಿ ಅನಿಲ ಹರಿಸುವುದು, ಎಷ್ಟು ಬೇಗ ಹರಿಯಿತು ಅಂತ ನೋಡಿ ಸ್ನಿಗ್ಧತೆ ಲೆಕ್ಕ ಹಾಕುವುದು, ಅಷ್ಟೇ. ಮೊದಲು ಗಾಳಿ ಹರಿಸಿ ಕ್ಯಾಲಿಬ್ರೇಟ್ ಮಾಡಿದೆ. 25ರಿಂದ 75 ಡಿಗ್ರಿಗೆ ಹೋದಾಗ ಗಾಳಿಯ ಸ್ನಿಗ್ಧತೆ ಶೇ 12ರಷ್ಟು ಏರಿತು, ಏರಬೇಕಾದಷ್ಟೇ. (ಬಿಸಿ ಅನಿಲ ಹೊರಗೆ ಬಂದು ತಣ್ಣಗಾಗಿ ಕುಗ್ಗುತ್ತದಲ್ಲ, ಆ ತಿದ್ದುಪಡಿ ಮರೆತರೆ ಏರಿಕೆ ಸಿಕ್ಕಾಪಟ್ಟೆ ಜಾಸ್ತಿ ಕಾಣುತ್ತದೆ. ಮರೆತೇ ಕಲಿತದ್ದು.)

ಆಮೇಲೆ ಆರ್-134ಎ ಬಿಟ್ಟೆ. 25 ಡಿಗ್ರಿಯಲ್ಲಿ 14.2, 75ರಲ್ಲಿ 15.1. 25 ಡಿಗ್ರಿಯ ಅಂಕಿ ಪಟ್ಟಿಗಿಂತ ಶೇ 20 ಜಾಸ್ತಿ, ಏರಿಕೆ ಬರೀ ಶೇ 6. ಇಂಥ ಭಾರದ ಅನಿಲ ಗಾಳಿಗಿಂತ ಕಡಿದಾಗಿ ಏರಬೇಕು: ತಣ್ಣಗಿರುವಾಗ ಅಣುಗಳು ಒಂದನ್ನೊಂದು ಚೆನ್ನಾಗಿ ಎಳೆಯುತ್ತವೆ, ಬಿಸಿಯಾದಂತೆ ಆ ಹಿಡಿತ ಸಡಿಲವಾಗುತ್ತದೆ. ನನ್ನದು ಉಲ್ಟಾ, ಗಾಳಿಗಿಂತ ಚಪ್ಪಟೆ.

ಲೀಕ್ ಇರಬಹುದು ಅಂತ ಜಾಯಿಂಟ್ ಎಲ್ಲ ಬಿಚ್ಚಿ ಕಟ್ಟಿದೆ. ಥರ್ಮಾಮೀಟರ್ ಬದಲಿಸಿದೆ. ಕೊನೆಗೆ ಕ್ಯಾಪಿಲರಿ ಮಾರಿದವನ ಮೇಲೆ ಸಿಟ್ಟು ಬಂತು. ಲೇಬಲ್‌ನಲ್ಲಿ 0.5 ಮಿ.ಮೀ., ಗಾಳಿಯ ಲೆಕ್ಕದಲ್ಲಿ 0.47. ಹರಿವು ವ್ಯಾಸದ ನಾಲ್ಕನೇ ಘಾತಕ್ಕೆ ಹೋಗುತ್ತದೆ ಸ್ವಾಮಿ, ಅಲ್ಲಿಗೇ ಶೇ 22 ಕೈಬಿಟ್ಟಿತು! ಅದು ಕ್ಯಾಲಿಬ್ರೇಶನ್‌ನಲ್ಲಿ ಸರಿಹೋಗುತ್ತದೆ ಅನ್ನಿ. ಆದರೆ ನೇರ ಕೊಳವೆ ಕೇಳಿದರೆ ಡಬ್ಬಕ್ಕೆ ಹಿಡಿಸಲಿ ಅಂತ ಆರು ಸೆಂ.ಮೀ. ಅಗಲದ ಐದು ಸುತ್ತಿನ ಸುರುಳಿ ಮಾಡಿ ಕಳಿಸಿದ್ದ. ಕೇಳಿದ್ದಕ್ಕೆ "ಸುತ್ತಿದ್ರೆ ಏನೂ ಆಗಲ್ಲ ಸಾರ್" ಅಂದ. ತೊಟ್ಟಿಯಲ್ಲಿ ಚೆನ್ನಾಗಿ ಕೂರುತ್ತದಲ್ಲ ಅಂತ ನಾನೂ ಸುಮ್ಮನಾದೆ.

ಸುಳಿವು ಸಿಕ್ಕಿದ್ದು ಎಡವಟ್ಟಿನಿಂದ. ಒಂದು ರಾತ್ರಿ ವಾಲ್ವ್ ಪೂರ್ತಿ ತೆರೆದಿರಲಿಲ್ಲ, ಮಾನೋಮೀಟರ್ 55 ಸೆಂ.ಮೀ. ಬದಲು 27ರಲ್ಲಿ ನಿಂತಿತ್ತು. ನೋಡದೆ ಅಳೆದೆ. 25 ಡಿಗ್ರಿಯಲ್ಲಿ 14.2ರ ಬದಲು 12.5 ಬಂತು. ಕೊಳವೆ ಅದೇ, ಅನಿಲ ಅದೇ, ತಾಪ ಅದೇ. ಸ್ನಿಗ್ಧತೆ ನಾನು ಎಷ್ಟು ಜೋರಾಗಿ ತಳ್ಳುತ್ತೇನೆ ಅಂತ ನೋಡಿ ಬದಲಾಗುತ್ತದಾ? ಇಲ್ಲ. ಹಾಗಾದರೆ ನಾನು ಅಳೆಯುತ್ತಿರುವುದು ಸ್ನಿಗ್ಧತೆ ಒಂದನ್ನೇ ಅಲ್ಲ.

ತಪ್ಪಿದ್ದದ್ದು ಸುರುಳಿಯಲ್ಲಿ. ಬಾಗಿದ ಕೊಳವೆಯಲ್ಲಿ ಅನಿಲ ಹೊರಗೋಡೆಯ ಕಡೆಗೆ ತಳ್ಳಿಕೊಂಡು ಅಡ್ಡಡ್ಡ ಸುಳಿಯುತ್ತದೆ, ತಡೆ ಹೆಚ್ಚುತ್ತದೆ. ಗಣಿತಜ್ಞ ಡೀನ್ 1927ರಲ್ಲೇ ಇದರ ಗಣಿತ ಬರೆದಿಟ್ಟಿದ್ದಾನೆ. ಡೀನ್ ಸಂಖ್ಯೆ (ಹರಿವಿನ ಜೋರು, ಕೊಳವೆಯ ಬಾಗು ಎರಡನ್ನೂ ಸೇರಿಸಿ ಹೇಳುವ ಅಂಕಿ) ಸುಮಾರು 11.6 ದಾಟಿದರೆ ಈ ಕಾಟ ಶುರು. ಗಾಳಿಗೆ ನನ್ನಲ್ಲಿ ಅದು 5ರ ಹತ್ತಿರ, ಹಾಗಾಗಿ ಸುದ್ದಿಯೇ ಇಲ್ಲ. ಆರ್-134ಎ ಗಾಳಿಯ ಮೂರೂವರೆ ಪಟ್ಟು ಭಾರ, ಜತೆಗೆ ಕಡಿಮೆ ಸ್ನಿಗ್ಧ, ಅದೇ ಒತ್ತಡದಲ್ಲಿ ರೆನಾಲ್ಡ್ಸ್ ಸಂಖ್ಯೆ (ಸ್ನಿಗ್ಧತೆಯ ತಡೆಗೆ ಹೋಲಿಸಿ ಹರಿವಿನ ಜೋರು ಹೇಳುವ ಅಂಕಿ) ಗಾಳಿಯ ಒಂಬತ್ತು ಪಟ್ಟಿನ ಹತ್ತಿರ. ಡೀನ್ ಸಂಖ್ಯೆ 40! ಬಿಸಿ ಮಾಡಿದರೆ ಅನಿಲ ಹಗುರ, ಹರಿವು ನಿಧಾನ, ಸುಳಿಯ ಕಾಟವೂ ಕಮ್ಮಿ. ಅಂದರೆ ತಣ್ಣಗಿದ್ದಾಗ ಜಾಸ್ತಿ ಸುಳ್ಳು, ಬಿಸಿಯಾದಾಗ ಕಮ್ಮಿ ಸುಳ್ಳು. ನಿಜವಾದ ಏರಿಕೆಯನ್ನು ಅದು ನುಂಗಿಹಾಕಿತ್ತು.

ಒತ್ತಡ 11 ಸೆಂ.ಮೀ.ಗೆ ಇಳಿಸಿದೆ, ಒಂದು ಮಿ.ಮೀ. ತಪ್ಪಿದರೂ ಶೇ 1 ಹೋಗುತ್ತದೆ ಅಂತ ಮಾನೋಮೀಟರ್ ಓರೆ ಮಾಡಿದೆ. ಮೊದಲಿಗೇ ಹೇಳಿದ 12.0, 13.8 ಬಂದವು, ಏರಿಕೆ ಶೇ 15. ತಮಾಷೆ ಏನೆಂದರೆ, 1866ರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ತೂಗಾಡುವ ತಟ್ಟೆಗಳಿಂದ ಅಳೆದು, ಗಾಳಿಯ ಸ್ನಿಗ್ಧತೆ ಕೆಲ್ವಿನ್ ತಾಪ ಎಷ್ಟು ಪಟ್ಟು ಏರುತ್ತದೋ ಅಷ್ಟೇ ಪಟ್ಟು ಏರುತ್ತದೆ ಅಂದಿದ್ದ. ಗಾಳಿಗೆ ಅದು ತಪ್ಪಾಯಿತು. ಈ ಅನಿಲಕ್ಕೆ ಹೆಚ್ಚುಕಮ್ಮಿ ಸರಿ!

ಹೊರಬಂದ ಅನಿಲವನ್ನು ಚೀಲದಲ್ಲೇ ಹಿಡಿದಿಟ್ಟಿದ್ದೇನೆ, ಗಾಳಿಗೆ ಬಿಡಬೇಡಿ. ಭೂಮಿ ಬಿಸಿ ಮಾಡುವುದರಲ್ಲಿ ಇದು ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಜಾಸ್ತಿ. ಅದೇ ಚೀಲಕ್ಕೆ ಒಂದು ಪೀಪಿ ಸಿಕ್ಕಿಸಿ ಊದಿದರೆ? ಇದರಲ್ಲಿ ಶಬ್ದದ ವೇಗ ಗಾಳಿಯ ಅರ್ಧಕ್ಕಿಂತ ಕಮ್ಮಿ, ಸ್ವರ ಒಂದು ಸ್ಥಾಯಿಗಿಂತ ಕೆಳಗಿಳಿಯಬೇಕು. ಮುಚ್ಚಿದ ಪೆಟ್ಟಿಗೆ, ಒಳಗೆ ಮೈಕ್, ಚಿತ್ರ ಆಗಲೇ ಬರೆದಾಗಿದೆ. ಪೀಪಿಯ ಕೊಳವೆ ಮಾತ್ರ ನಾನೇ ಹೋಗಿ ಕಣ್ಣಾರೆ ನೋಡಿ ತರುತ್ತೇನೆ.