ಮೂರು ಕ್ರಿಸ್‌ಮಸ್ ಹಾಡುಗಳ ಜಾಝ್ ಇಪಿ: ಎರಡು ಮುಗಿದಿವೆ, ಒಂದು ಬಾಕಿ

ಗಾಯಕಿ, ಪಿಯಾನೊ, ಡಬಲ್ ಬೇಸ್, ಕೋಲಿನ ಬದಲು ಬ್ರಷ್‌ನಲ್ಲಿ ನುಡಿಸುವ ಡ್ರಮ್ಸ್: ಇಷ್ಟೇ ಮೇಳ. ಇಪಿ ಎಂದರೆ ಕೆಲವೇ ಹಾಡುಗಳ ಪುಟ್ಟ ಆಲ್ಬಂ. ಮೂರೂ ಹಾಡು ಸೇರಿ ಹತ್ತು ನಿಮಿಷಕ್ಕೆ ತುಸು ಕಡಿಮೆ. ಡಿಸೆಂಬರ್‌ ಹಾಡಿಗೆ ಜುಲೈಯಲ್ಲೇ ಕೂರಬೇಕು. ಅಮೆರಿಕದ ಜಾಝ್ ಗಾಯಕಿ ಎಲಾ ಫಿಟ್ಸ್‌ಜೆರಾಲ್ಡ್ ಅವರ 1960ರ ಕ್ರಿಸ್‌ಮಸ್ ಆಲ್ಬಂ ಕೂಡ ಅಲ್ಲಿನ ಬೇಸಿಗೆಯಲ್ಲೇ, ಜುಲೈ-ಆಗಸ್ಟ್‌ನಲ್ಲಿ, ಧ್ವನಿಮುದ್ರಣವಾದದ್ದು.

ಮೊದಲ ಪಟ್ಟಿಯಲ್ಲಿ 1945ರ ‘ದ ಕ್ರಿಸ್‌ಮಸ್ ಸಾಂಗ್’ ಇತ್ತು. ಬರೆದವರಲ್ಲಿ ಒಬ್ಬರಾದ ಮೆಲ್ ಟಾರ್ಮೆ ತೀರಿಕೊಂಡದ್ದು 1999ರಲ್ಲಿ. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಹಕ್ಕು ಮರಣಾನಂತರ 60 ವರ್ಷ ಇರುತ್ತದೆ, ಹಾಗಾಗಿ ಅದನ್ನು ಬಿಟ್ಟೆವು. ಉಳಿದವು ‘ಸೈಲೆಂಟ್ ನೈಟ್’ (1818), ‘ಜಿಂಗಲ್ ಬೆಲ್ಸ್’ (1857), ಗ್ರೀನ್‌ಸ್ಲೀವ್ಸ್ ಎಂಬ ಹಳೆಯ ಇಂಗ್ಲಿಷ್ ಧಾಟಿಯ ‘ವಾಟ್ ಚೈಲ್ಡ್ ಈಸ್ ದಿಸ್’. ಮೂರಕ್ಕೂ ಯಾರ ಅನುಮತಿಯೂ ಬೇಡ.

ಹೆಚ್ಚು ಸಮಯ ತಿಂದದ್ದು ಸೈಲೆಂಟ್ ನೈಟ್. ಧಾಟಿ ಮಧ್ಯ ಷಡ್ಜದಿಂದ ತಾರ ಮಧ್ಯಮದ ತನಕ ಹರಡಿದೆ. ಪುಸ್ತಕದಲ್ಲಿ ಸಾಮಾನ್ಯವಾಗಿ ಬಿ ಫ್ಲ್ಯಾಟ್‌ ಶ್ರುತಿಯಲ್ಲಿರುತ್ತದೆ. ಆ ಶ್ರುತಿಯಲ್ಲಿ, ಅತಿ ಮೇಲಿನ ಸ್ವರವಿರುವ ‘ಹೆವನ್ಲಿ’ ಬಂದಾಗ ಗಂಟಲು ಬಿಗಿದು ಚರ್ಚ್ ಕಾಯರ್‌ ದನಿಯಾಗುತ್ತದೆ. ‘ಜಿ’ ಶ್ರುತಿಗೆ ಇಳಿಸಿದ ಮೇಲೆ ಆ ಪದವನ್ನು ಮಾತಾಡಿದಷ್ಟು ಸಲೀಸಾಗಿ ಹೇಳಬಹುದು. ವೇಗ ನಿಮಿಷಕ್ಕೆ 60 ಬೀಟ್, ಕಿವಿಗೆ ತಾಳ ಹಾಕುವ ಕ್ಲಿಕ್ ಸದ್ದು ಇಲ್ಲ.

ಮೊದಲ ದಿನದ ಟೇಕ್‌ಗಳೆಲ್ಲ ವ್ಯರ್ಥ. ಎಲ್ಲರೂ ಒಂದೇ ಕೋಣೆ, ಗಾಯಕಿಗೆ ಕಾರ್ಡಿಯಾಯ್ಡ್ (ಮುಖ್ಯವಾಗಿ ಮುಂದಿನ ಸದ್ದು ಹಿಡಿಯುವ) ಕಂಡೆನ್ಸರ್ ಮೈಕ್ ಒಂದಡಿ ದೂರದಲ್ಲಿ. ಬ್ರಷ್‌ನ ಸುಯ್ ಸುಯ್ ಸದ್ದು ಅದರೊಳಗೆ ಧಾರಾಳವಾಗಿ ನುಸುಳಿತ್ತು. ಒಂದು ಪದವನ್ನು ಬೇರೆ ಟೇಕ್‌ನಿಂದ ತಂದು ಕೂರಿಸಿದರೆ, ಆ ಪದದಷ್ಟು ಹೊತ್ತು ಬ್ರಷ್‌ನ ಬಣ್ಣವೇ ಬದಲಾಗುತ್ತಿತ್ತು. ಎರಡನೇ ದಿನ ಫಿಗರ್-ಏಟ್ ರಿಬ್ಬನ್ ಮೈಕ್ ಹಾಕಿದೆವು. ಅದಕ್ಕೆ ಮುಂದೆ, ಹಿಂದೆ ಕೇಳುತ್ತದೆ. ಎರಡು ಪಕ್ಕಕ್ಕೆ ಕಿವುಡು. ಬ್ರಷ್ ಆಡುವ ಸ್ನೇರ್ ಡ್ರಮ್ ಸರಿಯಾಗಿ ಪಕ್ಕಕ್ಕೆ ಬರುವಂತೆ ಮೈಕ್ ತಿರುಗಿಸಿ, ಹಿಂಬದಿಗೆ ದಪ್ಪ ರಜಾಯಿ ತೂಗುಹಾಕಿದ ಮೇಲೆ ದನಿ ಬಿಡಿಯಾಗಿ ನಿಂತಿತು.

ಈ ಮೈಕ್‌ಗೆ ಹತ್ತಿರ ಹೋದಷ್ಟೂ ಕೆಳಸ್ವರ ಉಬ್ಬುತ್ತದೆ. ಕೊನೆಯ ‘ಪೀಸ್’ ಹಾಡಿನ ಅತಿ ಕೆಳಗಿನ ಸ್ವರ, 196 ಹರ್ಟ್ಸ್. ಮೆತ್ತಗೆ ಹಾಡುವಾಗ ಯಾರೇ ಆದರೂ ಮುಂದೆ ಬಾಗುತ್ತಾರೆ, ಪದ ಗುಂಯ್ ಎನ್ನುತ್ತದೆ. ಒಂದು ಗೇಣು ಇದ್ದ ಅಂತರವನ್ನು ಆ ಪದಕ್ಕೆ ಒಂದೂವರೆ ಗೇಣು ಮಾಡಿ, ಮುಖ ಎರಡು ಬೆರಳಷ್ಟು ಓರೆ ಮಾಡಿದರೆ ಗುಂಯ್ ಹೋಗುತ್ತದೆ, ಕೊನೆಯ ‘ಸ್’ ಕೂಡ ಚುಚ್ಚುವುದಿಲ್ಲ. ಇದನ್ನು ಆಮೇಲೆ ಮಿಕ್ಸ್‌ನಲ್ಲಿ ಈಕ್ಯೂ ಹಾಕಿ (ಕೆಳಸ್ವರಗಳನ್ನು ತಗ್ಗಿಸಿ) ಸರಿಪಡಿಸಲು ಹೋದರೆ ಇಡೀ ದನಿಯೇ ಸೊರಗುತ್ತದೆ.

ಗ್ರೀನ್‌ಸ್ಲೀವ್ಸ್ ಬೇಗ ಮುಗಿಯಿತು: ಇ ಮೈನರ್, ಜಾಝ್ ವಾಲ್ಟ್ಝ್ (ಮೂರು ಬೀಟ್‌ನ ನಡೆ), ನಿಮಿಷಕ್ಕೆ 138 ಬೀಟ್. ನಾಲ್ಕನೇ ಟೇಕ್ ಇಟ್ಟುಕೊಂಡೆವು.

ಬಾಕಿ ಇರುವುದು ಜಿಂಗಲ್ ಬೆಲ್ಸ್. ಕೋರಸ್ ಐದೇ ಸ್ವರದೊಳಗೆ ಮುಗಿಯುವುದರಿಂದ ಶ್ರುತಿಯ ಚಿಂತೆ ಇಲ್ಲ. ನಿಮಿಷಕ್ಕೆ 184 ಬೀಟ್‌ನಲ್ಲಿ ಕೋರಸ್‌ನ 16 ಬಾರ್ (ನಾಲ್ಕು ಬೀಟ್‌ನ ಆವರ್ತ) 21 ಸೆಕೆಂಡಿಗೇ ಮುಗಿಯುತ್ತದೆ, ಉಸಿರು ತೆಗೆದುಕೊಳ್ಳುವ ಜಾಗ ಮೊದಲೇ ಗುರುತಿಸಬೇಕು. ಕಾಟ ಕೊಟ್ಟದ್ದು ಸ್ಲೇ ಬೆಲ್ಸ್. ಎತ್ತಿನ ಕೊರಳ ಗೆಜ್ಜೆಸರದಂಥದ್ದು. ಪ್ರತಿ ಬೀಟ್‌ಗೂ ಆಡಿಸಿದರೆ ಒಂದರ ಝಣ ಅಡಗುವ ಮೊದಲೇ ಇನ್ನೊಂದು ಬಂದು, ಬ್ರಷ್ ಮತ್ತು ‘ಸ್’ ಎರಡನ್ನೂ ಮುಚ್ಚುತ್ತದೆ. ಈಗ 2 ಮತ್ತು 4ನೇ ಬೀಟ್‌ಗೆ ಮಾತ್ರ, ಅದೂ ಕೊನೆಯ ಕೋರಸ್‌ನಲ್ಲಿ, ಪಿಯಾನೊದ ಹಿಂದೆ ನಿಂತು ಆಡಿಸಿ ನೋಡುತ್ತಿದ್ದೇವೆ.