ಹಾರ ಹಾಕುವ ಫೋಟೋ

ಕಳೆದ ತಿಂಗಳು ಒಂದು ಶನಿವಾರ ಬೆಳಿಗ್ಗೆ ನಮ್ಮ ಮೇಲಿನ ಮಹಡಿಯ ಅಜ್ಜಿ ಬೆಲ್ ಮಾಡಿದರು. ಅಜ್ಜಿ ಅಂತ ಇಲ್ಲಿ ಬರೆಯುತ್ತಿದ್ದೇನೆ ಅಷ್ಟೇ. ಎದುರಿಗೆ ಹಾಗಂದರೆ ಮತ್ತೆ ನಮ್ಮ ಮನೆ ಮೆಟ್ಟಿಲು ಹತ್ತಲಿಕ್ಕಿಲ್ಲ. ವಯಸ್ಸು 84. ನೀಲಿ ಸ್ವೆಟರು, ಅದರ ಮೇಲೊಂದು ಮುತ್ತಿನ ಪಿನ್ನು. ಕೂದಲು ಆಗಷ್ಟೇ ಸೆಟ್ ಮಾಡಿಸಿಕೊಂಡು ಬಂದಂತಿತ್ತು. ಕೈಯಲ್ಲಿ ಪ್ಲಮ್ ಹಣ್ಣಿನ ಕೇಕು.

“ನೀವು ಫೋಟೋ ತೆಗೀತೀರಲ್ವಾ? ನನ್ನದೊಂದು ಬೇಕಿತ್ತು.”

“ಅದಕ್ಕೇನಂತೆ, ಬನ್ನಿ. ಪಾಸ್‌ಪೋರ್ಟಿಗಾ?”

“ಅಲ್ಲ, ಟೋಟನ್‌ಟ್ಸೆಟಲ್‌ಗೆ.”

ನಾವಿರುವ ಜರ್ಮನಿಯ ಕೊಲೋನ್ ಊರಿನ ಕ್ಯಾಥೊಲಿಕರಲ್ಲಿ ಇದೊಂದು ಹಳೆಯ ರೂಢಿ. ಯಾರಾದರೂ ತೀರಿಕೊಂಡರೆ ಅಂಗೈಯಗಲದ ಒಂದು ಚೀಟಿ ಅಚ್ಚು ಹಾಕಿಸುತ್ತಾರೆ. ಹುಟ್ಟಿದ ದಿನ, ಸತ್ತ ದಿನ, ಒಂದು ಪ್ರಾರ್ಥನೆ, ಒಂದು ಫೋಟೋ. ಮಣ್ಣಿಗೆ ಬಂದವರೆಲ್ಲ ಅದನ್ನು ತೆಗೆದುಕೊಂಡು ಹೋಗಿ ಪ್ರಾರ್ಥನೆ ಪುಸ್ತಕದಲ್ಲಿ ಇಟ್ಟುಕೊಳ್ಳುತ್ತಾರೆ. ಅಂದರೆ ಈಯಮ್ಮ ತನ್ನ ಸಾವಿನ ಫೋಟೋ ತೆಗೆಸಿಕೊಳ್ಳಲು ಕೇಕು ಮಾಡಿಕೊಂಡು ಬಂದಿದ್ದರು!

“ಬಿಡ್ತು ಅನ್ನಿ” ಅಂತ ನಾಲಿಗೆ ತುದಿಗೆ ಬಂತು. ಹನ್ನೆರಡು ವರ್ಷದಿಂದ ಜರ್ಮನ್ ಮಾತಾಡುತ್ತಿದ್ದೇನೆ, ಇದಕ್ಕೆ ಮಾತ್ರ ಅವರಲ್ಲಿ ಒಂದು ಮಾತು ಸಿಕ್ಕಿಲ್ಲ. ಸುಮ್ನೆ ಕುರ್ಚಿ ತೋರಿಸಿದೆ.

ಕೂರುವ ಮೊದಲು ಅವರು ಚೀಲದಿಂದ ಒಂದು ಕಾಗದ ತೆಗೆದರು. ಕೈಬರಹದಲ್ಲಿ ಒಪ್ಪಿಗೆ ಪತ್ರ. “ಇಲ್ಲದಿದ್ದರೆ ನಾನು ಹೋದ ಮೇಲೂ ಹತ್ತು ವರ್ಷ ನನ್ನ ಮಕ್ಕಳನ್ನು ಕೇಳಬೇಕಾಗುತ್ತೆ, ಗೊತ್ತಲ್ಲ” ಅಂದರು. ಗೊತ್ತಿತ್ತು. ಇಲ್ಲಿ ಕ್ಯಾಮೆರಾ ಹಿಡಿದವನು ಮೊದಲು ಕಲಿಯುವ ಪಾಠವೇ ಅದು. 1898ರಲ್ಲಿ ಜರ್ಮನಿಯ ಮಾಜಿ ಚಾನ್ಸೆಲರ್ ಬಿಸ್ಮಾರ್ಕ್ ಸತ್ತ ರಾತ್ರಿ ಇಬ್ಬರು ಫೋಟೋಗ್ರಾಫರ್‌ಗಳು ಮನೆಗೆ ನುಗ್ಗಿ ಹಾಸಿಗೆಯ ಮೇಲಿದ್ದ ಹೆಣದ ಫೋಟೋ ಹೊಡೆದರು. ಕೇಸಾಯಿತು, ಇಬ್ಬರೂ ಜೈಲಿಗೆ ಹೋದರು. ಆ ಗಲಾಟೆಯ ಬಿಸಿಯಲ್ಲೇ 1907ರಲ್ಲಿ ಕಾನೂನು ಬಂತು: ಒಬ್ಬರ ಮುಖದ ಚಿತ್ರವನ್ನು ಅವರನ್ನು ಕೇಳದೆ ಹಂಚುವಂತಿಲ್ಲ, ತೀರಿಕೊಂಡ ಮೇಲೆ ಹತ್ತು ವರ್ಷ ಮನೆಯವರನ್ನು ಕೇಳಬೇಕು. ನಮ್ಮೂರಲ್ಲಿ ಹೆಣದ ಪಕ್ಕ ನಿಂತು ಸೆಲ್ಫಿ ತೆಗೆದು ಸ್ಟೇಟಸ್ ಹಾಕುವವರನ್ನು ನೋಡಿದಾಗೆಲ್ಲ ನನಗೆ ಆ ಇಬ್ಬರು ನೆನಪಾಗುತ್ತಾರೆ.

ಕನ್ನಡಕ ತೆಗೆಯಿರಿ, ಗಾಜು ಹೊಳೆಯುತ್ತೆ ಅಂದೆ. “ಕನ್ನಡಕ ಇಲ್ಲದ ನನ್ನನ್ನು ಅರವತ್ತು ವರ್ಷದಿಂದ ಯಾರೂ ನೋಡಿಲ್ಲ. ಚೀಟಿ ನೋಡಿದವರು ಇದ್ಯಾರು ಅನ್ನಬೇಕಾ?” ಸರಿ, ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ಒಂದು ಕೂದಲೆಳೆ ಎತ್ತಿದೆ. ಗಾಜು ಕೊಂಚ ಕೆಳಗೆ ಬಾಗಿ ಹೊಳಪು ಜಾರಿ ಹೋಯಿತು. ಉತ್ತರದ ಕಿಟಕಿಯ ಮೆತ್ತನೆ ಬೆಳಕು, ಇನ್ನೊಂದು ಪಕ್ಕಕ್ಕೆ ಫ್ರಿಜ್ ಪ್ಯಾಕಿನಲ್ಲಿ ಬಂದಿದ್ದ ಬಿಳಿ ಥರ್ಮಾಕೋಲ್. ಎಂಬತ್ತೈದು ಎಂಎಂ ಲೆನ್ಸು. ಎಲ್ಲರಿಗೂ ಹೇಳುವಂತೆ “ಸ್ವಲ್ಪ ನಗಿ” ಅನ್ನಲು ಹೋಗಿ ನುಂಗಿಕೊಂಡೆ. ಅವರೇ ನಕ್ಕರು. “ತುಂಬಾ ನಗು ಬೇಡ. ಹೋಗೋದಕ್ಕೆ ಖುಷಿ ಇತ್ತು ಅಂದ್ಕೋತಾರೆ.” ಅದೇ ಫೋಟೋ ಚೆನ್ನಾಗಿ ಬಂತು.

ಆಮೇಲೆ ಕಾಫಿ ಕುಡಿಯುತ್ತಾ ಬಿಸ್ಕತ್ತಿನ ಒಂದು ತಗಡಿನ ಡಬ್ಬಿ ತೋರಿಸಿದರು. ತುಂಬಾ ಚೀಟಿಗಳು. ಅತ್ತೆ, ಮಾವ, ಪಾದ್ರಿ, ಬೇಕರಿಯವನು. ತಳದಲ್ಲಿ ಒಬ್ಬ ಸಿಪಾಯಿ, ಅಂಚು ಹಳದಿಯಾಗಿತ್ತು. ಅವರ ಅಪ್ಪ. 1943. ಇವರಿಗಾಗ ಎರಡು ವರ್ಷ. “ನನಗೆ ಅಪ್ಪ ಅಂದರೆ ಇಷ್ಟೇ” ಅಂದು ಡಬ್ಬಿ ಮುಚ್ಚಿದರು. ಮುಚ್ಚುತ್ತಾ, ಮಾಮೂಲಿ ಮಾತಿನಂತೆ ಕೇಳಿದರು:

“ನಿಮ್ಮ ಅಮ್ಮನಿಗೆ ಯಾವುದು ತೆಗೆದಿಟ್ಟಿದ್ದೀರಿ?”

ಕೇಕು ಗಂಟಲಲ್ಲಿ ನಿಂತಿತು. ಸಿಟ್ಟೂ ಬಂತು. ನಮ್ಮ ಕಡೆ ಇರುವವರ ಬಗ್ಗೆ ಹಾಗೆಲ್ಲ ಮಾತಾಡಲ್ಲ ಅಂದೆ. “ಓ” ಅಂದರು. ಆ “ಓ” ಮೂರು ದಿನ ತಲೆಯಲ್ಲಿ ಕೊರೆಯಿತು.

ಯಾಕೆಂದರೆ ನನಗೆ ನೆನಪಾಗಿದ್ದು ನನ್ನ ಅಜ್ಜಿಯ ಫೋಟೋ. ಕ್ಯಾಮೆರಾ ಆಯಸ್ಸು ತಿನ್ನುತ್ತೆ ಅಂತ ಅಜ್ಜಿ ಒಂದು ದಿನವೂ ಎದುರು ನಿಂತವರಲ್ಲ. ತೀರಿಕೊಂಡಾಗ ಹನ್ನೊಂದನೇ ದಿನದ ಕಾರ್ಯಕ್ಕೆ ಫೋಟೋ ಬೇಕು, ಮನೆಯಲ್ಲಿ ಒಂದೂ ಇಲ್ಲ. ಕೊನೆಗೆ ಚಿಕ್ಕಪ್ಪನ ಮದುವೆಯ ಗ್ರೂಪ್ ಫೋಟೋದಲ್ಲಿ ಮೂರನೇ ಸಾಲಿನಲ್ಲಿ ಸಿಕ್ಕರು. ಮುಖ ಕಡಲೆಕಾಳಿನಷ್ಟು. ತಿಪಟೂರಿನ ಸ್ಟುಡಿಯೋದವರು ಅದನ್ನೇ ದೊಡ್ಡದು ಮಾಡಿ, ಕಪ್ಪು ಬಿಳುಪಿಗೆ ಬಣ್ಣ ಬಳಿದು, ಕಣ್ಣು ತಿದ್ದಿ ಕೊಟ್ಟರು. ಎಡಗಡೆ ಮೂಲೆಯಲ್ಲಿ ಯಾರದೋ ಕೋಟಿನ ಭುಜ ಹಾಗೇ ಉಳಿದುಬಿಟ್ಟಿದೆ. ಅದು ಬೀಗರ ಭುಜ ಅಂತ ಅಪ್ಪ, ಅಲ್ಲ ಬ್ಯಾಂಕಿನ ಮ್ಯಾನೇಜರದ್ದು ಅಂತ ಚಿಕ್ಕಪ್ಪ. ತೀರ್ಮಾನ ಆಗಿಲ್ಲ. ಪ್ರತಿ ವರ್ಷ ಪಿತೃಪಕ್ಷದಲ್ಲಿ ಅಜ್ಜಿಯ ಜೊತೆ ಆ ಭುಜಕ್ಕೂ ಹಾರ, ಅದಕ್ಕೂ ಮಂಗಳಾರತಿ.

ಈಗಲೂ ಹೆಚ್ಚೇನು ಬದಲಾಗಿಲ್ಲ. ಊರಿಗೆ ಹೋದಾಗ ಸರ್ಕಲ್ಲಿನ ಫ್ಲೆಕ್ಸ್ ನೋಡಿ: ‘ಮತ್ತೆ ಹುಟ್ಟಿ ಬಾ’ ಅಂತ ಮೇಲೆ, ಕೆಳಗೆ ಕೂಲಿಂಗ್ ಗ್ಲಾಸ್ ಹಾಕಿ ಬೈಕ್ ಮೇಲೆ ಕೂತ ಹುಡುಗ. ಪಕ್ಕದಲ್ಲೇ ಇನ್ಯಾರದೋ ಹುಟ್ಟುಹಬ್ಬದ ಫ್ಲೆಕ್ಸು. ಯಾರದು ಯಾವುದು ಅಂತ ಓದಿಯೇ ತಿಳಿಯಬೇಕು. ರಾತ್ರಿ ಹನ್ನೊಂದಕ್ಕೆ ಅಳುತ್ತಾ ವಾಟ್ಸಾಪ್ ಜಾಲಾಡಿದರೆ ಸಿಗುವುದು ಅದೇ ತಾನೇ.

ಮನೆ ಹತ್ತಿರ ಮೆಲಾಟನ್ ಅಂತ ಒಂದು ದೊಡ್ಡ ಸ್ಮಶಾನವಿದೆ. ದೊಡ್ಡ ಮರಗಳು, ಅಳಿಲು, ವಾಕಿಂಗ್ ಬರುವವರು. ಫೋಟೋಗ್ರಾಫರ್ ಆಗಸ್ಟ್ ಸಾಂಡರ್ ಅಲ್ಲೇ ಮಲಗಿದ್ದಾನೆ. ರೈತ, ಮಿಠಾಯಿ ಮಾಡುವವನು, ಗಾರೆಯವನು, ವಕೀಲ, ಭಿಕ್ಷುಕ ಅಂತ ತನ್ನ ಕಾಲದ ಜರ್ಮನಿಯ ಮುಖಗಳನ್ನೆಲ್ಲ ದಶಕಗಟ್ಟಲೆ ತೆಗೆದವನು. ಮಗನನ್ನು ನಾಜಿಗಳು ಹತ್ತು ವರ್ಷ ಜೈಲಿಗೆ ಹಾಕಿದರು. ಅವಧಿ ಮುಗಿಯುವ ಮೊದಲೇ, 1944ರಲ್ಲಿ, ಮಗ ಒಳಗೇ ಸತ್ತ. ಸತ್ತ ಮೇಲೆ ಮಾಡಿಸಿದ ಆ ಮಗನ ಮುಖದ ಅಚ್ಚಿನ ಫೋಟೋವನ್ನು ಸಾಂಡರ್ ತೆಗೆದು ತನ್ನ ಮುಖಗಳ ಸಾಲಿನ ಕೊನೆಯ ಭಾಗಕ್ಕೆ ಸೇರಿಸಿದ. ಪೋರ್ಟ್ರೇಟ್ ಕಲಿಯಲು ನಾನು ಆತನನ್ನು ಎಷ್ಟು ಸಲ ನೋಡಿದ್ದೇನೋ. ಆ ಒಂದು ಫೋಟೋ ಮಾತ್ರ ಬೇಗ ತಿರುಗಿಸಿ ಹಾಕುತ್ತೇನೆ.

ಮಂಗಳವಾರ ರಾತ್ರಿ ಹಾರ್ಡ್ ಡಿಸ್ಕ್ ತೆಗೆದೆ. ದೇವರಾಜ ಮಾರುಕಟ್ಟೆಯ ಹೂವಿನವರು, ಹಂಪಿಯ ತೆಪ್ಪದವನು, ಲಡಾಖಿನ ಭಿಕ್ಷು, ಲಿಸ್ಬನ್ನಿನ ಟ್ರಾಮ್ ಡ್ರೈವರು. ಕಣ್ಣಿನ ರೆಪ್ಪೆ ಎಣಿಸಬಹುದು, ಅಷ್ಟು ಚೊಕ್ಕ. ಅಮ್ಮನ ಹೆಸರಿನ ಫೋಲ್ಡರೇ ಇಲ್ಲ. ಹುಡುಕಿದರೆ ಬಡಿಸುತ್ತಿರುವ ಬಗ್ಗಿದ ಬೆನ್ನು. ಮುಖಕ್ಕೆ ಅಡ್ಡ ಹಿಡಿದ ಸೌಟು. ಅರ್ಧ ಬಾಗಿಲು, ಅರ್ಧ ಅಮ್ಮ. “ನನ್ನದೇನು ತೆಗೀತೀಯ, ಮಕ್ಕಳದು ತೆಗಿ” ಅಂದಾಗ ನಾನೂ ಖುಷಿಯಾಗಿ ಮಕ್ಕಳ ಕಡೆ ತಿರುಗಿದವನೇ.

ಭಾನುವಾರ ವಿಡಿಯೋ ಕಾಲ್‌ನಲ್ಲಿ ಹೇಗೆ ಶುರು ಮಾಡೋದು ಅಂತ ತಿಳಿಯದೆ ಮೇಲಿನ ಮಹಡಿಯವರ ಕಥೆಯನ್ನೇ ತಮಾಷೆಯಾಗಿ ಹೇಳಿದೆ. ನೋಡಮ್ಮ, ಈ ಜನ ಎಂಥವರು ಅನ್ನುವ ಧಾಟಿಯಲ್ಲಿ. ಅಮ್ಮ ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡರು.

“ಜಾಣೆ” ಅಂದರು. “ನಂದೂ ಆಗಿದೆ ಕಣೋ. ಆಧಾರ್‌ಗೆ ಅಂತ ಹೋದಾಗ ತೆಗೆಸಿದ್ದು. ದೊಡ್ಡದು ಮಾಡಿಸಿ ಫ್ರೇಮೂ ಹಾಕಿಸಿದೀನಿ. ಬೀರುವಿನಲ್ಲಿ ರೇಷ್ಮೆ ಸೀರೆ ಕೆಳಗಿದೆ, ನಿಮ್ಮಕ್ಕನಿಗೆ ಗೊತ್ತು. ಅತ್ತೆ ಫೋಟೋ ತರಹ ಇನ್ಯಾರದೋ ಭುಜ ಇರಬಾರದು ಅಂತ.”

“ನನಗ್ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಬಿಡ್ತು ಅನ್ನು ಅಂತಿದ್ದೆ.”

ಎದ್ದು ಹೋಗಿ ತಂದು ತೋರಿಸಿದರು. ನೀಲಿ ಇಳಕಲ್ ಸೀರೆ, ಹಣೆಯಲ್ಲಿ ಕಾಸಗಲ ಕುಂಕುಮ. ಸ್ಟುಡಿಯೋದ ಹುಡುಗ ಕಂಪ್ಯೂಟರಿನಲ್ಲಿ ಮುಖ ಉಜ್ಜಿ ಉಜ್ಜಿ ಮೇಣ ಮಾಡಿಟ್ಟಿದ್ದಾನೆ. ಗಲ್ಲದ ಮಚ್ಚೆಯೂ ಮಾಯ! ಹಿಂದೆ ಒಂದು ಕೆರೆ, ಹಿಮದ ಬೆಟ್ಟ, ಗೋಪುರದ ಅರಮನೆ.

“ಮಗ ಜರ್ಮನೀಲಿದಾನೆ ಅಂದೆ. ಅವನೇ ಹಾಕಿಕೊಟ್ಟ” ಅಂದರು ಅಮ್ಮ. ಕೊಲೋನಿನಲ್ಲಿ ಹಿಮದ ಬೆಟ್ಟ ಎಲ್ಲಿಂದ ಬರಬೇಕು, ಹೇಳಲಿಲ್ಲ.

“ಈ ಸಲ ಬಂದಾಗ ನಾನು ತೆಗೀತೀನಮ್ಮ. ಸೌಟು ಅಡ್ಡ ಹಿಡಿಯೋ ಹಾಗಿಲ್ಲ.”

ಅಮ್ಮ ಫ್ರೇಮನ್ನು ಸೆರಗಿನಿಂದ ಒಮ್ಮೆ ಒರೆಸಿ, ಸ್ವಲ್ಪ ದೂರ ಹಿಡಿದು ನೋಡಿದರು.

“ತೆಗಿ, ಯಾರು ಬೇಡ ಅಂದ್ರು. ಮಚ್ಚೆ ಬೇಕಾದ್ರೆ ಇಟ್ಕೋ. ಅರಮನೆ ಮಾತ್ರ ತೆಗೀಬೇಡ.”